ಶ್ರುತದ ಮೈ: ಓಲೆಯಿಂದ ಪರದೆಯವರೆಗೆ

ಜೈನ ದರ್ಶನವು ಶಾಸ್ತ್ರಜ್ಞಾನಕ್ಕೆ ಕೊಟ್ಟ ಹೆಸರು ಶ್ರುತ. ಪದದ ಅರ್ಥ ಕೇಳಿದ್ದು, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು. ಆದರೆ ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿ ಎಂಬ ಹೆಸರಿನಲ್ಲಿ, ಬಸದಿಗಳಲ್ಲಿ ಅರ್ಚನೆ ನಡೆಯುವುದು ಬರೆದಿಟ್ಟ ಗ್ರಂಥಕ್ಕೆ. ಕೇಳಿದ್ದು ಎಂಬ ಹೆಸರು ಹೊತ್ತ ಜ್ಞಾನವು ಹೀಗೆ ನೋಡುವ, ಮುಟ್ಟುವ, ಕೈಮುಗಿಯುವ ವಸ್ತುವಾಗಿ ಬಂದು ನಿಂತಿರುವುದರಲ್ಲಿ ಒಂದು ತಾತ್ವಿಕ ಪ್ರಶ್ನೆ ಅಡಗಿದೆ: ತಾಳೆಗರಿಯಲ್ಲಿದ್ದದ್ದು ಅಚ್ಚಿನ ಹಾಳೆಗೆ, ಅಲ್ಲಿಂದ ಮೊಬೈಲಿನ ಪರದೆಗೆ ಬಂದಾಗ ಓದುಗನಿಗೆ ದಕ್ಕುವುದು ಅದೇ ಶ್ರುತವೇ, ಅಥವಾ ಮೈ ಬದಲಾದಂತೆ ಒಳಗಿನದೂ ಬದಲಾಗುತ್ತದೆಯೇ? ಈ ಪ್ರಶ್ನೆಯನ್ನು ಇಂದು ಸಾಮಾನ್ಯವಾಗಿ ಕಣ್ಣಿನ ಆಯಾಸ, ಹೊಸ ಪುಸ್ತಕದ ವಾಸನೆ, ಮನಸ್ಸಿನ ಚಂಚಲತೆ ಎಂಬ ಮಾತುಗಳಲ್ಲಿಯೇ ಮುಗಿಸಿಬಿಡುವುದುಂಟು. ಮೂಡುಬಿದಿರೆಯ ಹದಿನೆಂಟು ಬಸದಿಗಳು, ತಿಮ್ಮಣ್ಣ ಅಜಿಲನು 1604ರಲ್ಲಿ ವೇಣೂರಿನಲ್ಲಿ ನಿಲ್ಲಿಸಿದ ಬಾಹುಬಲಿ, ಅಜಿಲ ಅರಸುಮನೆತನದ ನೆಲೆಯಾದ ಅಳದಂಗಡಿ ಇರುವ ಈ ಸೀಮೆಯಲ್ಲಾದರೋ ಅದೇ ಪ್ರಶ್ನೆಯನ್ನು ಕೇಳಲು ಹೆಚ್ಚು ಹಳೆಯ, ಹೆಚ್ಚು ಆಳವಾದ ಪರಿಭಾಷೆಯೊಂದು ಸಿದ್ಧವಾಗಿದೆ.

ಜೈನ ಆಚಾರ್ಯರು ಶ್ರುತವನ್ನು ದ್ರವ್ಯಶ್ರುತ, ಭಾವಶ್ರುತ ಎಂದು ಎರಡಾಗಿ ನೋಡುತ್ತಾರೆ. ಉಚ್ಚರಿಸಿದ ಶಬ್ದ, ಬರೆದ ಅಕ್ಷರ, ಅಕ್ಷರವನ್ನು ಹೊತ್ತ ಗರಿ ಅಥವಾ ಹಾಳೆ ದ್ರವ್ಯಶ್ರುತ. ಅವುಗಳ ನಿಮಿತ್ತದಿಂದ ಆತ್ಮನಲ್ಲಿ ಮೂಡುವ ಅರಿವು ಭಾವಶ್ರುತ. ಮೀಮಾಂಸಕರು ಶಬ್ದವನ್ನು ನಿತ್ಯವೆಂದು ಸಾಧಿಸಿದರೆ, ಜೈನರು ಅದನ್ನು ಪುದ್ಗಲದ, ಅಂದರೆ ಸ್ಪರ್ಶ, ರಸ, ಗಂಧ, ವರ್ಣಗಳುಳ್ಳ ಜಡದ್ರವ್ಯದ, ಒಂದು ಅವಸ್ಥೆಯೆಂದು ಬಗೆದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಶಬ್ದವನ್ನು ಕತ್ತಲೆ, ನೆರಳು, ಬಿಸಿಲುಗಳ ಸಾಲಿನಲ್ಲಿಯೇ ಎಣಿಸಲಾಗಿದೆ. ಈ ನಿಲುವಿನ ಪರಿಣಾಮ ದೊಡ್ಡದು. ಶಬ್ದವೇ ಜಡವಾದ ಮೇಲೆ ಬಾಯಿಮಾತು ಬರಹಕ್ಕಿಂತ ಪವಿತ್ರ, ಓಲೆ ಅಚ್ಚಿಗಿಂತ ಪವಿತ್ರ, ಅಚ್ಚು ಪರದೆಗಿಂತ ಪವಿತ್ರ ಎಂಬ ಶ್ರೇಣಿಗೆ ಆಧಾರವೇ ಉಳಿಯುವುದಿಲ್ಲ. ಗರಿಯಲ್ಲಿ ಕೊರೆದ ಗೆರೆಯೂ ಗಾಜಿನ ಹಿಂದೆ ಹೊಳೆಯುವ ಚುಕ್ಕೆಯೂ ಆತ್ಮನಿಂದ ಸಮಾನ ದೂರದಲ್ಲಿರುವ ಪುದ್ಗಲಗಳೇ. ಆದರೂ ಆಚಾರ್ಯರು ದ್ರವ್ಯವನ್ನು ಅಲಕ್ಷಿಸಲಿಲ್ಲ. ಅರಿವಿಗೆ ಉಪಾದಾನ, ಅಂದರೆ ಅರಿವಾಗಿ ಪರಿಣಮಿಸುವ ಮೂಲಕಾರಣ, ಆತ್ಮವೇ. ಗ್ರಂಥ ನಿಮಿತ್ತ ಮಾತ್ರ. ನಿಮಿತ್ತವು ಅರಿವನ್ನು ಹುಟ್ಟಿಸಲಾರದಾದರೂ ಅದು ಹುಟ್ಟುವ ಸಂದರ್ಭವನ್ನು ಸಜ್ಜುಗೊಳಿಸುತ್ತದೆ, ಇಲ್ಲವೇ ಕೆಡಿಸುತ್ತದೆ. ಬಟ್ಟೆಯನ್ನೂ ತೊರೆದ ದಿಗಂಬರ ಮುನಿಗೆ ಪಿಂಛ, ಕಮಂಡಲುಗಳ ಜೊತೆಗೆ ಶಾಸ್ತ್ರವನ್ನು ಜ್ಞಾನೋಪಕರಣವೆಂದು ಇಟ್ಟುಕೊಳ್ಳಲು ಅನುಮತಿಯಿರುವುದು ಈ ಕಾರಣದಿಂದಲೇ. ಎಲ್ಲವನ್ನೂ ಬಿಟ್ಟವನ ಕೈಯಲ್ಲಿಯೂ ಉಳಿಯುವ ವಸ್ತುವಿನ ರೂಪವು ಯಃಕಶ್ಚಿತ್ ಸಂಗತಿಯಾಗಲಾರದು.

ಮೂಡುಬಿದಿರೆಯ ಗುರುಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದು ಅಲ್ಲಿ ಕಾಪಿಟ್ಟ ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳಿಂದ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರು, ಶ್ರುತವು ತಮ್ಮೊಡನೆ ಅಳಿದುಹೋದೀತೆಂಬ ಅಂಜಿಕೆಯಿಂದ, ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಪಾಠ ಹೇಳಿದರೆಂದೂ, ಅವರು ಅದನ್ನು ಷಟ್ಖಂಡಾಗಮವಾಗಿ ಗ್ರಂಥಸ್ಥಗೊಳಿಸಿದ ದಿನವೇ ಶ್ರುತಪಂಚಮಿಯೆಂದೂ ಪರಂಪರೆ ಹೇಳುತ್ತದೆ. ಅದಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಪ್ರಾಕೃತ ಮತ್ತು ಸಂಸ್ಕೃತ ಬೆರೆತ ಶೈಲಿಯಲ್ಲಿ ಬರೆದ 72,000 ಶ್ಲೋಕಪ್ರಮಾಣದ ವ್ಯಾಖ್ಯಾನವೇ ಧವಲ. ಭಾಷೆ ಹೀಗಿದ್ದರೂ ಮೂಡುಬಿದಿರೆಯ ಪ್ರತಿಗಳ ಲಿಪಿ ಹಳಗನ್ನಡದ್ದು. ಪ್ರತಿಗಳ ಪ್ರಶಸ್ತಿಭಾಗಗಳಿಂದ, ಅಂದರೆ ಗ್ರಂಥದ ಕೊನೆಯಲ್ಲಿ ಬರೆಸಿದವರನ್ನು ನೆನೆಯುವ ಪದ್ಯಗಳಿಂದ, ತಿಳಿದುಬರುವಂತೆ ಧವಲವನ್ನು ದೇಮಿಯಕ್ಕ ಎಂಬಾಕೆ ಶ್ರುತಪಂಚಮೀ ವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಧವಲವನ್ನು ಮಲ್ಲಿಕಬ್ಬೆ ಎಂಬಾಕೆ ಬರೆಯಿಸಿ ಮಾಘನಂದಿ ಮುನಿಗೆ ಕೊಟ್ಟಳು. ಅದಕ್ಕೂ ಮೊದಲು, 10ನೆಯ ಶತಮಾನದಲ್ಲಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಕನ್ನಡಿಗರಿಗೆಲ್ಲ ಪರಿಚಿತ. ಓಲೆಯ ಯುಗದಲ್ಲಿ ಪ್ರತಿ ಮಾಡಿಸುವುದು ಸ್ವತಃ ಒಂದು ವ್ರತವಾಗಿತ್ತು, ಅದರ ಭಾರವನ್ನು ಹೊತ್ತವರಲ್ಲಿ ಹೆಣ್ಣುಮಕ್ಕಳು ಮುಂಚೂಣಿಯಲ್ಲಿದ್ದರು ಎಂಬುದು ಇಲ್ಲಿ ನೆನಪಿನಲ್ಲಿಡಬೇಕಾದ ಮಾತು.

ಆದರೆ ವ್ರತದಿಂದ ಬಂದ ಓಲೆಗಳು ಕ್ರಮೇಣ ದರ್ಶನದ ವಸ್ತುಗಳಾದವು. ಶತಮಾನಗಳ ಕಾಲ ಯಾತ್ರಿಕರು ರತ್ನದ ಜಿನಬಿಂಬಗಳ ಜೊತೆಗೆ ಈ ಕಟ್ಟುಗಳನ್ನೂ ದೂರದಿಂದ ಕಂಡು, ಸಿದ್ಧಾಂತ ದರ್ಶನವಾಯಿತೆಂದು ಧನ್ಯರಾಗಿ ಹಿಂದಿರುಗುತ್ತಿದ್ದರು. ಹಳೆಯ ಲಿಪಿಯನ್ನು ಸಲೀಸಾಗಿ ಓದಿ ಅರ್ಥ ಹೇಳಬಲ್ಲವರು ಬೆರಳೆಣಿಕೆಗೆ ಇಳಿದಿದ್ದರು. ಜೈನ ತರ್ಕದ ನಿಕ್ಷೇಪ ಎಂಬ ವಿಭಾಗಕ್ರಮದಲ್ಲಿ ಹೇಳುವುದಾದರೆ, ಗ್ರಂಥವು ಇಲ್ಲಿ ಸ್ಥಾಪನೆಯ ಸ್ಥಿತಿಗೆ, ಅಂದರೆ ಕಲ್ಲಿನ ಬಿಂಬದಲ್ಲಿ ಜಿನನನ್ನು ಆರೋಪಿಸುವಂತೆ ಓಲೆಯ ಕಟ್ಟಿನಲ್ಲಿ ಜ್ಞಾನವನ್ನು ಆರೋಪಿಸುವ ಸ್ಥಿತಿಗೆ, ಸರಿದಿತ್ತು. ಭಕ್ತಿಯ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ, ಆ ಭಕ್ತಿಯಿಲ್ಲದಿದ್ದರೆ ಈ ಗರಿಗಳು ಕರಾವಳಿಯ ಮಳೆ, ಗೆದ್ದಲುಗಳನ್ನು ದಾಟಿ ಉಳಿಯುತ್ತಲೂ ಇರಲಿಲ್ಲ. ಆದರೆ ಓದಲಾಗದ ಶ್ರುತವು ಅರ್ಧ ಶ್ರುತವೇ.

19ನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರ ಪ್ರಯತ್ನದಿಂದ ಪ್ರತಿ ತೆಗೆಯುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ತೊಡಗಿದ ಈ ಕಾರ್ಯ 1896ರಿಂದ 1922ರವರೆಗೆ ನಡೆಯಿತು. ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿಯನ್ನೂ ಸಿದ್ಧಪಡಿಸಿದರು. ಅದು ಸಹಾರನ್‌ಪುರವನ್ನು ಸೇರಿ, ಅಲ್ಲಿಂದ ನಾಗರಿಯಲ್ಲಿ ಪ್ರತಿಗಳು ಹರಡಿದವು. ಪ್ರೊ. ಹೀರಾಲಾಲ್ ಜೈನರು ಹಿಂದಿ ಅನುವಾದದೊಡನೆ ಸಂಪಾದಿಸಿದ ಧವಲದ ಮೊದಲ ಸಂಪುಟ 1939ರಲ್ಲಿ, ಹದಿನಾರನೆಯ ಹಾಗೂ ಕೊನೆಯ ಸಂಪುಟ 1958ರಲ್ಲಿ ಅಚ್ಚಾದವು. ಆಗಮಗಳನ್ನು ಅಚ್ಚಿಗೆ ಕೊಡುವುದೇ ಅವಿನಯ, ಅಂದರೆ ಜ್ಞಾನಕ್ಕೆ ಮಾಡುವ ಅಗೌರವ, ಎಂದು ಜೈನ ಸಮಾಜದಲ್ಲಿ ಬಲವಾದ ವಿರೋಧ ಇದ್ದ ಕಾಲವಿನ್ನೂ ಹೆಚ್ಚು ಹಿಂದೆ ಸರಿದಿರಲಿಲ್ಲ. ಪೂಜೆಯ ಕಟ್ಟಾಗಿದ್ದ ಗ್ರಂಥ ಹೀಗೆ ಮೇಜಿನ ಮೇಲಿನ ಪುಸ್ತಕವಾಯಿತು.

ಈ ಬದಲಾವಣೆಯ ಲಾಭನಷ್ಟಗಳೆರಡನ್ನೂ ಒಂದೇ ಪದವು ತೋರಿಸಿಕೊಟ್ಟಿತು. ಮೊದಲ ಸಂಪುಟದ 93ನೆಯ ಸೂತ್ರವು ಮನುಷ್ಯಸ್ತ್ರೀಯರ ಗುಣಸ್ಥಾನಗಳನ್ನು, ಅಂದರೆ ಆತ್ಮವಿಕಾಸದ ಮೆಟ್ಟಿಲುಗಳನ್ನು, ಹೇಳುವ ಸೂತ್ರ. ಕಾಗದದ ಪ್ರತಿಗಳಲ್ಲಿ ಆ ಪಟ್ಟಿ ಸಂಜದಾಸಂಜದ ಎಂಬಲ್ಲಿಗೆ, ಎಂದರೆ ಅಣುವ್ರತಗಳ ಮಟ್ಟಕ್ಕೆ, ನಿಂತಿತ್ತು. ಅದರ ಮುಂದೆ ಸಂಜದ ಎಂಬ ಪದ, ಅರ್ಥಾತ್ ಪೂರ್ಣಸಂಯಮಿ ಎಂಬ ಮೇಲಿನ ಮಟ್ಟ, ಇರಬೇಕೆಂದು ಸಂಪಾದಕರು ವ್ಯಾಖ್ಯಾನದ ಆಧಾರದಿಂದ ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಇದರಿಂದ ಪಂಡಿತರಲ್ಲಿ ದೊಡ್ಡ ವಾದವೇ ಎದ್ದಿತು, ಏಕೆಂದರೆ ಸ್ತ್ರೀಗೆ ಮುಕ್ತಿಯುಂಟೇ ಎಂಬ ದಿಗಂಬರ ಮತ್ತು ಶ್ವೇತಾಂಬರ ಪಂಥಗಳ ಹಳೆಯ ವಿವಾದವನ್ನೇ ಆ ಒಂದು ಪದ ಮುಟ್ಟುತ್ತಿತ್ತು. ಕೊನೆಗೆ ಮೂಡುಬಿದಿರೆಯ ಓಲೆಯನ್ನು ನೋಡಿದಾಗ ಸಂಜದ ಪದ ಅಲ್ಲಿ ಇತ್ತು. ಒಂದೇ ಬಗೆಯ ಅಕ್ಷರಗಳು ಪಕ್ಕಪಕ್ಕದಲ್ಲಿ ಬರುವ ಜಾಗದಲ್ಲಿ ಪ್ರತಿಕಾರನ ಕಣ್ಣು ಜಾರುವುದು ಹಸ್ತಪ್ರತಿಶಾಸ್ತ್ರ ಬಲ್ಲವರಿಗೆ ಹೊಸದಲ್ಲ. ಓಲೆಯಷ್ಟೇ ಇದ್ದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಏಕೆಂದರೆ ಓದುವವರಿರಲಿಲ್ಲ. ಅಚ್ಚಷ್ಟೇ ಇದ್ದಿದ್ದರೆ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ, ಏಕೆಂದರೆ ಸಾಕ್ಷಿ ಇರುತ್ತಿರಲಿಲ್ಲ. ಹೆಣ್ಣುಮಕ್ಕಳು ವ್ರತ ಹಿಡಿದು ಬರೆಯಿಸಿದ ಪರಂಪರೆಗೆ ಸೇರಿದ ಓಲೆಗಳೇ, ಹೆಣ್ಣಿನ ಆತ್ಮವಿಕಾಸದ ಕುರಿತ ಪದವೊಂದನ್ನು, ಕಾಗದ ಅದನ್ನು ಕಳೆದುಕೊಂಡ ಮೇಲೂ, ಉಳಿಸಿಕೊಂಡಿದ್ದವೆಂಬುದು ಮನಸ್ಸನ್ನು ತಟ್ಟುವ ಸಂಗತಿ.

ಓದು ಎಂದರೇನು ಎಂಬುದಕ್ಕೆ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸಿಗುವ ವಿವರಣೆ ಈ ಚರ್ಚೆಗೆ ಅತ್ಯಂತ ಉಪಯುಕ್ತವಾದದ್ದು. ಅಲ್ಲಿ ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿ, ಅದರಲ್ಲಿ ಐದು ಕ್ರಿಯೆಗಳನ್ನು ಹೇಳಿದೆ: ಗ್ರಂಥವನ್ನು ಓದುವುದು ವಾಚನೆ, ಸಂಶಯ ಕಳೆದುಕೊಳ್ಳಲು ಬಲ್ಲವರನ್ನು ಕೇಳುವುದು ಪೃಚ್ಛನೆ, ತಿಳಿದದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೊರಳಿಸಿ ಚಿಂತಿಸುವುದು ಅನುಪ್ರೇಕ್ಷೆ, ಶುದ್ಧ ಉಚ್ಚಾರಣೆಯಿಂದ ಆವರ್ತಿಸುವುದು ಆಮ್ನಾಯ, ಇತರರಿಗೆ ತಿಳಿಸುವುದು ಧರ್ಮೋಪದೇಶ. ಇಂದು ಓದು ಎಂದು ಕರೆಯುವುದು ಇವುಗಳಲ್ಲಿ ಮೊದಲನೆಯದನ್ನು ಮಾತ್ರ, ಅದೂ ಮೌನವಾಗಿ, ಒಬ್ಬಂಟಿಯಾಗಿ. ಓಲೆ, ಅಚ್ಚು, ಪರದೆಗಳಲ್ಲಿ ಯಾವುದು ಮೇಲು ಎಂದು ಕೇಳುವ ಬದಲು ಯಾವುದು ಈ ಐದರಲ್ಲಿ ಯಾವುದನ್ನು ಪೋಷಿಸುತ್ತದೆ, ಯಾವುದನ್ನು ಸೊರಗಿಸುತ್ತದೆ ಎಂದು ಕೇಳಿದರೆ ಚರ್ಚೆಗೆ ನೆಲೆ ಸಿಗುತ್ತದೆ.

ಮೂಡುಬಿದಿರೆಯವನೇ ಆದ ರತ್ನಾಕರವರ್ಣಿಯ ಭರತೇಶ ವೈಭವವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ತನ್ನ ತ್ರಿಲೋಕಶತಕವನ್ನು 1557ರಲ್ಲಿ ಮುಗಿಸಿದ ಈ 16ನೆಯ ಶತಮಾನದ ಕವಿಯ ಮಹಾಕೃತಿ ಹತ್ತು ಸಾವಿರದ ಹತ್ತಿರಕ್ಕೆ ಬರುವ ಸಾಂಗತ್ಯ ಪದ್ಯಗಳಲ್ಲಿ ಹರಡಿದೆ. ಸಾಂಗತ್ಯವೆಂದರೆ ಹಾಡುವುದಕ್ಕೆಂದೇ ರೂಪುಗೊಂಡ ನಾಲ್ಕು ಸಾಲಿನ ದೇಸೀ ಛಂದಸ್ಸು. ಓಲೆಯ ಮೇಲೆ ಆ ನಾಲ್ಕು ಸಾಲುಗಳು ಕಣ್ಣಿಗೆ ಕಾಣುವುದೇ ಇಲ್ಲ. ಪದಗಳ ನಡುವೆ ತೆರಪಿಲ್ಲದೆ, ಗರಿಯ ಉದ್ದಕ್ಕೂ ಅಕ್ಷರಗಳು ಒಂದೇ ಹರಿವಿನಲ್ಲಿ ಸಾಗಿ, ಪದ್ಯ ಮುಗಿದಲ್ಲಿ ಗುರುತೊಂದು ಬೀಳುತ್ತದೆ. ಎಲ್ಲಿ ಪದ ಒಡೆಯಬೇಕು, ಎಲ್ಲಿ ಸಾಲು ತಿರುಗಬೇಕು ಎಂಬುದನ್ನು ಹೇಳುವುದು ಪ್ರಾಸವನ್ನು ಹಿಡಿದ ಕಿವಿ, ರಾಗವನ್ನು ಬಲ್ಲ ನಾಲಗೆ. ಆದ್ದರಿಂದ ಓಲೆಯನ್ನು ಮೌನವಾಗಿ ಓದುವುದು ಹೆಚ್ಚುಕಡಿಮೆ ಅಸಾಧ್ಯ. ಅದು ಓದುಗನನ್ನು ಗಟ್ಟಿಯಾಗಿ ಹಾಡುವಂತೆ ಮಾಡುತ್ತಿತ್ತು, ಹಾಡಿದಾಗ ಪಕ್ಕದಲ್ಲಿ ಕೇಳುಗರು ಕೂಡುತ್ತಿದ್ದರು, ಕೇಳುಗರು ಕೂಡಿದಾಗ ಪೃಚ್ಛನೆಯೂ ಉಪದೇಶವೂ ತಾವಾಗಿ ಒದಗುತ್ತಿದ್ದವು. ತುಳುನಾಡಿನಲ್ಲಿ ಪತ್ತನಾಜೆ ಕಳೆದು ಭೂತಕೋಲ, ಯಕ್ಷಗಾನದ ಆಟಗಳು ನಿಂತ ಮಳೆಗಾಲದ ತಿಂಗಳುಗಳಲ್ಲಿ ಒಬ್ಬರು ವಾಚನ ಮಾಡಿ ಇನ್ನೊಬ್ಬರು ಅರ್ಥ ಹೇಳುವ ಪದ್ಧತಿ ಬೆಳೆದು ಬಂದದ್ದು, ಧರ್ಮಸ್ಥಳದಲ್ಲಿ ಇಂದಿಗೂ ಪ್ರತಿ ಮಳೆಗಾಲದಲ್ಲಿ ಪುರಾಣ ವಾಚನ ಮತ್ತು ಪ್ರವಚನ ನಡೆಯುತ್ತಿರುವುದು ಆ ಓದಿನ ಮುಂದುವರಿಕೆಯೇ.

ಅಚ್ಚು ಸಾಂಗತ್ಯವನ್ನು ನಾಲ್ಕು ಸಾಲುಗಳಾಗಿ ಬಿಡಿಸಿಟ್ಟಿತು, ಪದಗಳ ನಡುವೆ ತೆರಪು ಕೊಟ್ಟಿತು, ಪದ್ಯಕ್ಕೆ ಕಣ್ಣಿಗೆ ಕಾಣುವ ಆಕಾರವೊಂದನ್ನು ನೀಡಿತು. ಇದರಿಂದ ಒಬ್ಬಂಟಿ ಓದುಗ ಹುಟ್ಟಿದ, ಪುಟ ನಿಲ್ಲಿಸಿ ಯೋಚಿಸುವ ಅವಕಾಶವೂ ಹುಟ್ಟಿತು. ಅನುಪ್ರೇಕ್ಷೆಗೆ ಅಚ್ಚಿನ ಪುಸ್ತಕದಷ್ಟು ಅನುಕೂಲವಾದ ಮೈ ಬೇರೊಂದಿಲ್ಲವೆಂದೇ ಹೇಳಬೇಕು. ಇಲ್ಲೇ ಹತ್ತಿರದ ನಂದಳಿಕೆಯ ಮುದ್ದಣನು ಅಚ್ಚಿನ ಯುಗದ ಆರಂಭದಲ್ಲಿ ಬರೆದ ಶ್ರೀರಾಮಾಶ್ವಮೇಧವು ಈ ಹೊಸ್ತಿಲನ್ನು ಚೆನ್ನಾಗಿ ಬಲ್ಲ ಕೃತಿ. ಮೌನವಾಗಿ ಓದಿಕೊಳ್ಳಬಹುದಾದ ಗದ್ಯವನ್ನು ಬರೆಯುತ್ತಲೇ, ಹೇಳುವ ಮುದ್ದಣನನ್ನೂ ಕೇಳಿ ಪ್ರಶ್ನಿಸುವ ಮನೋರಮೆಯನ್ನೂ ಪುಟದೊಳಗೇ ಕೂರಿಸಿದ ಆ ಕವಿ, ಓಲೆಯ ಕಾಲದ ಕೇಳುಗರು ಇಲ್ಲವಾಗುವುದನ್ನು ಮುಂಚಿತವಾಗಿ ಕಂಡವನಂತೆ ತೋರುತ್ತಾನೆ.

ಪರದೆಯ ಮೇಲೆ ಅದೇ ಸಾಂಗತ್ಯದ ಗತಿ ಬೇರೆ. ಅಕ್ಷರವನ್ನು ದೊಡ್ಡದು ಮಾಡಿದೊಡನೆ ಸಾಲು ಎಲ್ಲೆಲ್ಲೋ ಮುರಿದು, ನಾಲ್ಕು ಸಾಲಿನ ಪದ್ಯ ಏಳು ಸಾಲಾಗುತ್ತದೆ. ಅಚ್ಚು ಕೊಟ್ಟ ಆಕಾರ ಹೋಗುತ್ತದೆ, ಓಲೆ ಬೇಡುತ್ತಿದ್ದ ಕಿವಿಯೂ ಹಿಂದಿರುಗುವುದಿಲ್ಲ. ಹಳೆಯ ಫಾಂಟುಗಳಲ್ಲಿ ಅಚ್ಚಿಗೆಂದು ಬೆರಳಚ್ಚು ಮಾಡಿದ ಪಠ್ಯವನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳು ಕೆಟ್ಟು ಹೊಸ ಪಾಠದೋಷಗಳು ಹುಟ್ಟುತ್ತವೆ. ಆದರೆ ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮೂಡುಬಿದಿರೆಯ ಗರಿಯ ಒಳ್ಳೆಯ ಛಾಯಾಚಿತ್ರವೊಂದು ದೂರದೇಶದಲ್ಲಿರುವ ಅಧ್ಯಯನಕಾರನ ಮುಂದೆ ಬಂದರೆ, ಆತ ಸಂಜದದಂಥ ಪದಕ್ಕಾಗಿ ಯಾರ ಅನುಮತಿಗೂ ವರ್ಷಗಟ್ಟಲೆ ಕಾಯಬೇಕಿಲ್ಲ. ಕಣ್ಣು ಮಂಜಾದ ಹಿರಿಯರಿಗೆ ದೊಡ್ಡ ಅಕ್ಷರವೂ ಧ್ವನಿಮುದ್ರಿತ ವಾಚನವೂ ಶ್ರುತವನ್ನು ಅದರ ಮೂಲಾರ್ಥದಲ್ಲಿಯೇ, ಕೇಳಿದ್ದಾಗಿಯೇ, ಮರಳಿ ಕೊಡುತ್ತವೆ. ತುಳು ಮತ್ತು ತಿಗಳಾರಿ ಲಿಪಿಯು 2024ರಲ್ಲಿ ಯೂನಿಕೋಡನ್ನು ಸೇರಿದ ಮೇಲೆ, ಈ ಕರಾವಳಿಯ ಅನೇಕ ಸಂಸ್ಕೃತ ಹಾಗೂ ತುಳು ಓಲೆಗಳನ್ನು ಅವುಗಳ ಸ್ವಂತ ಲಿಪಿಯಲ್ಲಿಯೇ ಗಣಕದಲ್ಲಿ ಬರೆದಿಡುವ ದಾರಿಯೂ ತೆರೆದಿದೆ.

ಪರದೆಯ ಮೇಲಿನ ನಿಜವಾದ ಆಕ್ಷೇಪವು ಗಮನ ಒಡೆಯುವುದರ ಕುರಿತಾದದ್ದು: ಓದುತ್ತಿರುವ ಪದ್ಯದ ಮೇಲೆಯೇ ಸಂದೇಶ ಬಂದು ಕೂರುತ್ತದೆ, ಕೈ ಬೇರೆಲ್ಲಿಗೋ ಜಾರುತ್ತದೆ. ಇದನ್ನು ಅಳೆಯುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಧ್ಯಾನವನ್ನು ಒಂದೇ ವಸ್ತುವಿನಲ್ಲಿ ಚಿಂತೆಯನ್ನು ನಿಲ್ಲಿಸುವುದೆಂದು ವಿವರಿಸಿದ ಉಮಾಸ್ವಾತಿ, ಉತ್ತಮ ದೇಹರಚನೆಯುಳ್ಳವನಿಗೂ ಅದು ಅಂತರ್ಮುಹೂರ್ತದವರೆಗೆ, ಅಂದರೆ 48 ನಿಮಿಷಕ್ಕಿಂತ ಕಡಿಮೆ ಕಾಲ ಮಾತ್ರ ನಿಲ್ಲುವುದೆಂದು ಮೊದಲೇ ಒಪ್ಪಿದ್ದಾರೆ. ಚಂಚಲತೆ ಮೊಬೈಲಿನಿಂದ ಹುಟ್ಟಿದ್ದಲ್ಲ. ಎರಡನೆಯದಾಗಿ, ಭರತೇಶ ವೈಭವದ ನಾಯಕನೇ ಗದ್ದಲದ ನಡುವೆ ಏಕಾಗ್ರತೆಯನ್ನು ಸಾಧಿಸಿದವನು. ಅರಮನೆ, ರಾಣಿಯರು, ದಿಗ್ವಿಜಯಗಳ ಮಧ್ಯೆ ಆತ್ಮಧ್ಯಾನವನ್ನು ಬಿಡದ ಭರತನನ್ನು ಚಿತ್ರಿಸಿ, ಭೋಗವಿಜಯದಿಂದ ಮೋಕ್ಷವಿಜಯಕ್ಕೆ ದಾರಿ ಮಾಡಿದ ರತ್ನಾಕರನಿಗೆ ಬಾಹ್ಯ ವಿಕ್ಷೇಪವೇ ಅಂತಿಮ ಅಡ್ಡಿಯೆಂದು ಅನಿಸಿರಲಿಲ್ಲ. ಆದರೆ ಈ ಎರಡನೆಯ ವಾದವನ್ನು ಪರದೆಯ ಪರವಾದ ಸಮರ್ಥನೆಯಾಗಿ ಬಳಸುವುದು ತಪ್ಪು. ಭರತನ ಸ್ಥೈರ್ಯ ದೀರ್ಘ ಅಭ್ಯಾಸದ ಫಲ. ಅಭ್ಯಾಸವಾಗದ ಮನಸ್ಸಿಗೆ ನಿಮಿತ್ತದ ನೆರವು ಬೇಕು, ಪದೇ ಪದೇ ಕರೆಯುವ ಉಪಕರಣವೊಂದು ಆ ನೆರವನ್ನು ನೀಡಲಾರದು.

ಆದುದರಿಂದ ಪ್ರಾಚೀನರು ಗ್ರಂಥದ ಜೊತೆಗೆ ಜ್ಞಾನಾಚಾರವನ್ನೂ, ಅಂದರೆ ಓದಿನ ನಡವಳಿಕೆಯನ್ನೂ, ಹೇಳಿದರು. ಅದರ ಎಂಟು ಅಂಗಗಳಲ್ಲಿ ಇಂದಿಗೆ ಹೆಚ್ಚು ಪ್ರಸ್ತುತವಾದವು ಕಾಲ, ಉಪಧಾನ, ಅನಿಹ್ನವಗಳು. ತಕ್ಕ ಹೊತ್ತಿನಲ್ಲಿ ಓದುವುದು ಕಾಲ. ಓದು ಮುಗಿಯುವವರೆಗೆ ಏನನ್ನಾದರೂ ತ್ಯಜಿಸುವ ನಿಯಮ ಹಿಡಿಯುವುದು ಉಪಧಾನ. ಕಲಿಸಿದ ಗುರುವಿನ ಅಥವಾ ಗ್ರಂಥದ ಹೆಸರನ್ನು ಮುಚ್ಚಿಡದಿರುವುದು ಅನಿಹ್ನವ. ಓಲೆಯ ಕಟ್ಟನ್ನು ಬಿಚ್ಚುವುದಕ್ಕೇ ಸ್ನಾನ, ಹೊತ್ತು, ಪೀಠ ಬೇಕಾಗಿದ್ದಾಗ ಉಪಧಾನವು ವಸ್ತುವಿನಲ್ಲಿಯೇ ಅಡಕವಾಗಿತ್ತು. ಪುಸ್ತಕದಲ್ಲಿ ಅದು ಸಡಿಲವಾಯಿತು. ಪರದೆಯಲ್ಲಿ ಅದು ಸಂಪೂರ್ಣವಾಗಿ ಓದುಗನ ಇಚ್ಛೆಗೆ ಬಿಟ್ಟದ್ದು. ಸಂದೇಶಗಳನ್ನು ಮುಚ್ಚಿ, ಒಂದು ಸಂಧಿ ಮುಗಿಯುವ ತನಕ ಬೇರೇನನ್ನೂ ತೆರೆಯೆನೆಂದು ಕೂರುವವನು ಇಂದಿನ ಉಪಧಾನವ್ರತಿ. ಕವಿಯ ಹೆಸರಿಲ್ಲದೆ, ಸಂಧಿಯ ಗುರುತಿಲ್ಲದೆ ಕೈಯಿಂದ ಕೈಗೆ ದಾಟಿಸಲಾಗುವ ಬಿಡಿಪದ್ಯಗಳಾದರೋ ನಿಹ್ನವಕ್ಕೆ ಸ್ಪಷ್ಟ ಉದಾಹರಣೆ, ಅದನ್ನು ಸಣ್ಣ ತಪ್ಪೆಂದು ಬಿಡುವಂತಿಲ್ಲ. ವಿದ್ಯುತ್ತು ಅಗ್ನಿಕಾಯ ಜೀವವೇ, ಅಂದರೆ ಬೆಂಕಿಯನ್ನೇ ಮೈಯಾಗಿ ಉಳ್ಳ ಜೀವವೇ, ಅಲ್ಲವೇ, ಆದ್ದರಿಂದ ಪರದೆಯ ಓದಿನಲ್ಲಿ ಹಿಂಸೆಯಿದೆಯೇ ಎಂಬ ಚರ್ಚೆ ಶ್ವೇತಾಂಬರ ಪಂಥಗಳಲ್ಲಿ ನಡೆದಿದೆ; ಗೃಹಸ್ಥ ಓದುಗನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಈ ನಡವಳಿಕೆಯ ಪ್ರಶ್ನೆ.

ಭರತೇಶ ವೈಭವವನ್ನು ಆನೆಯ ಮೇಲೆ ಮೆರೆಸಬೇಕೆಂದು ರತ್ನಾಕರನು ಕೇಳಿದಾಗ, ಅದರ ಕೆಲವು ಪದ್ಯಗಳು ಆಗಮಕ್ಕೆ ಒಪ್ಪುವುದಿಲ್ಲವೆಂದು ಭಟ್ಟಾರಕರು ನಿರಾಕರಿಸಿದರೆಂಬ ಐತಿಹ್ಯವನ್ನು ದೇವಚಂದ್ರನ ರಾಜಾವಳಿಕಥೆ ದಾಖಲಿಸುತ್ತದೆ. ಆ ಮೆರವಣಿಗೆ ನಡೆಯದಿದ್ದರೂ ಕಾವ್ಯ ಉಳಿಯಿತು. ಹಾಡುವವರ ಬಾಯಲ್ಲಿ, ಮನೆಮನೆಯ ಓಲೆಗಳಲ್ಲಿ ಉಳಿಯಿತು. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠವು ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯಲ್ಲಿ ಮೂಡುಬಿದಿರೆ, ಕಾರ್ಕಳದ ಮಠಗಳ ಜೊತೆಗೆ ಅಳಿಯೂರಿನ ಸಣ್ಣ ಭಂಡಾರಕ್ಕೂ ಸ್ಥಳ ದೊರೆತಿದೆ. ಅಂಥ ಸೂಚಿಗಳಿಗೆ ಸೇರದ ಕಟ್ಟುಗಳು ಈ ಸೀಮೆಯ ಬೀಡು, ಗುತ್ತುಗಳ ಅಟ್ಟಗಳಲ್ಲಿ ಇದ್ದರೆ, ಅವುಗಳ ಒಡೆಯರಲ್ಲಿ ಕೇಳಬೇಕಾದದ್ದು ಎರಡೇ: ಬಲ್ಲವರಿಂದ ಅವುಗಳ ಚಿತ್ರ ತೆಗೆಯಿಸಿ ಎಲ್ಲರಿಗೂ ಓದಲು ಸಿಗುವಂತೆ ಮಾಡಲಿ, ಚಿತ್ರ ತೆಗೆದಾಯಿತೆಂದು ಗರಿಯನ್ನು ಎಸೆಯದಿರಲಿ. ಬರುವ ಶ್ರುತಪಂಚಮಿಯಂದು, ಕೈಯಲ್ಲಿರುವುದು ಓಲೆಯಾಗಲಿ, ಪುಸ್ತಕವಾಗಲಿ, ಮೊಬೈಲಾಗಲಿ, ಅರ್ಚನೆ ಮುಗಿದ ಮೇಲೆ ಒಂದು ಸಂಧಿಯನ್ನು ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಲಿ.